ಶ್ರಾವಣ ಹಿಡಿದವನ ಐದನೆಯ ದಿನ

1978ರ ಆಷಾಢದ ಒಂದು ಬೆಳಿಗ್ಗೆ ವೈಜನಾಥ ನಾರಾಯಣಪುರದಲ್ಲಿ ಸರುಬಾಯಿ ಎಂಬ ಮುದುಕಿಯ ಅಂಗಳದಲ್ಲಿ ಬೀಸುಕಲ್ಲಿನ ಮುಂದೆ ಕುಳಿತಿದ್ದ. ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಆನಿಸಿದ್ದರು. ಅವನ ಹೆಂಡತಿ ಭಾಗಮ್ಮ ಚೀಲದಿಂದ ಉಳಿ, ಸುತ್ತಿಗೆ ತೆಗೆದಿಟ್ಟಳು. ಆಮೇಲೆ ಒಂದು ಟವೆಲನ್ನು ಅವನ ಕೊರಳಿನ ಹಿಂದಿನಿಂದ ಹಾಕಿ, ಒಂದು ತುದಿಯನ್ನು ಅವನ ಬಲಗೈಗೆ ಸುತ್ತಿ, ಆ ಕೈಗೆ ಶೇಂದಿ ತುಂಬಿದ ಹಿತ್ತಾಳೆಯ ಚರಗಿ ಕೊಟ್ಟಳು. ಇನ್ನೊಂದು ತುದಿಯನ್ನು ತಾನು ಮೆಲ್ಲಗೆ ಎಳೆದಳು. ಬಾವಿಯ ಗಡಗಡೆಯಿಂದ ಕೊಡ ಬಂದಂತೆ ಚರಗಿ ಅವನ ಬಾಯಿಗೆ ಬಂತು. ಹೀಗೆ ಮಾಡದಿದ್ದರೆ ಅರ್ಧ ಶೇಂದಿ ಎದೆಯ ಮೇಲೆ ಚೆಲ್ಲುತ್ತಿತ್ತು.

ಚರಗಿ ಬರಿದಾದ ಮೇಲೆ ಇಬ್ಬರೂ ಅವನ ಕೈಯ ನಡುಕ ನಿಲ್ಲಲೆಂದು ಕುಳಿತರು. ಕಾಲು ಗಂಟೆ ಬೇಕಾಗುತ್ತಿತ್ತು. ಆ ಕಾಲು ಗಂಟೆ ಕಾಯುವುದನ್ನು ಸುತ್ತಿನ ಹತ್ತು ಹಳ್ಳಿಗಳ ಹೆಂಗಸರು ರೂಢಿ ಮಾಡಿಕೊಂಡಿದ್ದರು.

"ಏನ ವೈಜಣ್ಣ, ಟಾಕಿ ಹಾಕಾಕ ಬಂದೀಯೋ, ಇಲ್ಲಾ ಹಾಲ್ ಕುಡ್ಯಾಕ ಬಂದೀಯೋ?" ಸರುಬಾಯಿ ಹೊಸ್ತಿಲಲ್ಲಿ ಕುಳಿತು ಕೇಳಿದಳು.

"ಹಾಲು ಪಂಚಮಿಗಿ, ಅಕ್ಕ. ಇವತ್ತ ಇದೇ."

"ಹನ್ನೊಂದು ತಿಂಗಳ ಪಂಡರಿ ಶೇಂದಿ ಅಂಗಡಿ, ಒಂದ ತಿಂಗಳ ನಾಗಪ್ಪ ದೇವ್ರದು. ಛಲೋ ನೌಕರಿ ಅದ ನಿಂದು." ಮುದುಕಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಈ ಸಲ ನನ್ನ ಮೊಮ್ಮಗಳದು ಕೇಳೋದದ. ಲಗ್ನಾಗಿ ಮೂರು ವರ್ಷಾತು, ಇನ್ನಾ ತೊಟ್ಟಿಲ ಕಟ್ಟಿಲ್ಲ. ಮೊದಲ ನಂಬರ ನಂದೇ ನೋಡ. ಏನ್ ಭಾಗಮ್ಮ, ನೆನಪಿಡ."

ಭಾಗಮ್ಮ ಚರಗಿ ಬದಿಗಿಟ್ಟಳು. ಗಂಡನ ಕೈ ನೋಡುತ್ತಿದ್ದಳು. ನಡುಕ ಬೆರಳ ತುದಿಗೆ ಇಳಿಯಿತು, ಆಮೇಲೆ ನಿಂತಿತು. ಅವನು ಉಳಿ ತೆಗೆದುಕೊಂಡ.

ಟಾಕಿ ಹಾಕುವುದೆಂದರೆ ಸವೆದು ನುಣುಪಾದ ಬೀಸುಕಲ್ಲಿಗೆ ಉಳಿಯಿಂದ ಮತ್ತೆ ಒರಟು ಮೈ ತರುವುದು. ನಡುವಿನ ಗೂಟದಿಂದ ಅಂಚಿಗೆ ಸಾಲುಸಾಲಾಗಿ ಚುಚ್ಚುತ್ತ ಬರಬೇಕು. ಒಂದೊಂದು ಚುಚ್ಚೂ ಜೋಳದ ಕಾಳಿನ ಅರ್ಧದಷ್ಟು ಆಳ ಇರಬೇಕು. ಒಂದು ಪೆಟ್ಟು ಹೆಚ್ಚಾದರೆ ಆ ಕುಳಿಯಲ್ಲಿ ಕಲ್ಲಿನ ಪುಡಿ ನಿಂತು ವಾರಗಟ್ಟಲೆ ರೊಟ್ಟಿಯಲ್ಲಿ ಹಲ್ಲಿಗೆ ಸಿಗುತ್ತದೆ. ವೈಜನಾಥ ಟಾಕಿ ಹಾಕಿದ ಕಲ್ಲಿನ ಹಿಟ್ಟು ಹಾಗೆ ಹಲ್ಲಿಗೆ ಸಿಕ್ಕದ್ದಿಲ್ಲ. ಹತ್ತಿರದ ಪೇಟೆ ಕಲ್ಯಾಣದಲ್ಲಿ ಹಿಟ್ಟಿನ ಗಿರಣಿಗಳು ಬಂದು ಹದಿನೈದು ವರ್ಷವಾಗಿದ್ದರೂ ಅವನನ್ನು ಕರೆಯುವ ಮನೆಗಳಿದ್ದವು.

ಅವನ ಊರು ಮೋರಖಂಡಿ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿ ಅವನಿಗೆ ಇಪ್ಪತ್ತು. ಅದೇ ವರ್ಷ ಅವರಪ್ಪ ತೀರಿಕೊಂಡು ಉಳಿ ಸುತ್ತಿಗೆ ಅವನ ಕೈಗೆ ಬಂದವು. ಕಲ್ಲು ಕಡಿಯುವವರ ಗಂಟಲಿಗೆ ದೂಳು ಹೋಗುತ್ತದೆ, ಅದನ್ನು ಶೇಂದಿಯೇ ತೊಳೆಯಬೇಕು ಎಂಬುದು ಅಪ್ಪ ಹೇಳಿಕೊಟ್ಟ ಇನ್ನೊಂದು ಪಾಠ. ಆಗ ಈಚಲ ಮರದಿಂದ ಇಳಿಸಿದ ಶೇಂದಿ ಬೆಳಿಗ್ಗೆ ಸಿಹಿಯಿದ್ದು ಸಂಜೆಗೆ ಹುಳಿಯಾಗುತ್ತಿತ್ತು, ಮರುದಿನ ಚೆಲ್ಲಬೇಕಾಗುತ್ತಿತ್ತು. ಆಮೇಲೆ ಕಲ್ಯಾಣದ ದಾರಿಯಲ್ಲಿ ಪಂಡರಿ ಎಂಬವನು ಅಂಗಡಿ ಹಾಕಿದ. ಆ ಸೀಮೆಯಲ್ಲಿ ಈಚಲ ಮರ ಎಣಿಸಿದರೆ ನೂರು ದಾಟುತ್ತಿರಲಿಲ್ಲ, ಪಂಡರಿಯ ಪೀಪಾಯಿ ಮಾತ್ರ ಎಂದೂ ಬರಿದಾಗುತ್ತಿರಲಿಲ್ಲ. ಅದರೊಳಗೆ ಒಂದು ಬಿಳಿ ಪುಡಿ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಏನು ಪುಡಿ ಎಂದು ಯಾರಿಗೂ ಗೊತ್ತಿರಲಿಲ್ಲ. ಎರಡು ಗ್ಲಾಸಿಗೆ ಕಣ್ಣು ಎಳೆಯುತ್ತಿತ್ತು, ನಾಲ್ಕಕ್ಕೆ ಮನುಷ್ಯ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದ. ವೈಜನಾಥ ದಿನಕ್ಕೆ ಹನ್ನೆರಡು ಕುಡಿಯುತ್ತಿದ್ದ.

ಒಂದು ವಿಷಯದಲ್ಲಿ ಅವನು ತಪ್ಪಿದವನಲ್ಲ. ಶ್ರಾವಣ ಹಿಡಿಯುತ್ತಿದ್ದ. ನಾಗರ ಅಮಾವಾಸ್ಯೆಯ ದಿನ ಹೊಟ್ಟೆ ತುಂಬ ಕುಡಿದು, ಮರುದಿನ ಮಿಂದು, ಹಣೆಗೆ ವಿಭೂತಿ ಹಚ್ಚಿದನೆಂದರೆ ತಿಂಗಳು ಮುಗಿಯುವವರೆಗೆ ಹನಿ ಮುಟ್ಟುತ್ತಿರಲಿಲ್ಲ. ಆ ಕಡೆ ಎಷ್ಟೋ ಗಂಡಸರು ಹೀಗೆ ಶ್ರಾವಣ ಹಿಡಿಯುತ್ತಾರೆ. ವರ್ಷವೆಲ್ಲ ಬೈಯುವ ಊರು ಆ ಒಂದು ತಿಂಗಳು ಅವರನ್ನು ಮರ್ಯಾದೆಯಿಂದ ಕಾಣುತ್ತದೆ.

ಮೊದಲಿನ ವರ್ಷಗಳಲ್ಲಿ ಎರಡು ದಿನ ಬೆವರು, ವಾಂತಿ ಇಷ್ಟೇ ಆಗುತ್ತಿತ್ತು. 1975ರಲ್ಲಿ ಬೇರೆಯಾಯಿತು. ಶ್ರಾವಣದ ಐದನೆಯ ದಿನ, ನಾಗರ ಪಂಚಮಿ. ಹೆಂಗಸರು ಊರ ಹೊರಗಿನ ಹುತ್ತಕ್ಕೆ ಹಾಲೆರೆಯುತ್ತಿದ್ದರು. ಮೂರು ದಿನದಿಂದ ನಿದ್ದೆಯಿಲ್ಲದ ವೈಜನಾಥ ಅಲ್ಲಿಗೆ ಬಂದವನು ಒಮ್ಮೆಲೆ ಹಿಂದೆ ಸರಿದ. ಮೈಯೆಲ್ಲ ನಡುಗುತ್ತಿತ್ತು. ಕಣ್ಣು ಕೆಂಪಾಗಿದ್ದವು. "ಅಲ್ಲಿ ಅದ, ಇಲ್ಲಿ ಅದ, ನಿಮ್ಮ ಕಾಲಾಗ ಅದ, ಸೆರಗಿನಾಗ ಅದ" ಎಂದು ತೋರಿಸುತ್ತ ಹೋದ. ಯಾರಿಗೂ ಕಾಣದ ಹಾವುಗಳು ಅವನಿಗೆ ಕಾಣುತ್ತಿದ್ದವು. ಕಿರಾಣಿ ಅಂಗಡಿಯ ಮಹಾರುದ್ರಪ್ಪ ಊರಿನ ಹಿರಿಯ, ಒಳ್ಳೆಯ ಮನುಷ್ಯ, ಭಕ್ತ. ಮೊದಲು ಕೈಮುಗಿದವನು ಅವನೇ. ತೆಂಗಿನಕಾಯಿ ಒಡೆದು, ನಾಲ್ಕು ದಿನದಿಂದ ಕಾಣದ ತನ್ನ ಎಮ್ಮೆ ಎಲ್ಲಿದೆ ಎಂದು ಕೇಳಿದ. ವೈಜನಾಥ ಗೋಡೆಯಿಲ್ಲದ ಕಡೆ ಗೋಡೆ ತಡವುತ್ತ "ಕಲ್ಲಿನಾಗ, ಕಲ್ಲಿನಾಗ" ಎಂದ. ಎಮ್ಮೆ ಮರುದಿನ ಕಲ್ಲಿನ ಗಣಿಯ ಹೊಂಡದಲ್ಲಿ ಮೇಯುತ್ತಿತ್ತು.

ಅಷ್ಟೇ ಸಾಕಾಯಿತು, ವೈಜನಾಥನ ಮೈಯಲ್ಲಿ ನಾಗಪ್ಪ ಬರುತ್ತಾನೆ ಎಂದಾಯಿತು. ಮುಂದಿನ ವರ್ಷ ಅರ್ಧ ಊರು ಕಾದಿತ್ತು, ನಾಗಪ್ಪ ಬಂದ. ಮೂರನೆಯ ವರ್ಷ ಪಕ್ಕದ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು, ಆಗಲೂ ಬಂದ.

ಭಾಗಮ್ಮ ಮೊದಮೊದಲು ತಾನೂ ಕೈಮುಗಿದಳು. ಆದರೆ ಅವಳಿಗೆ ಪ್ರಿಯವಾಗಿದ್ದದ್ದು ಪಂಚಮಿಯ ನಂತರದ ದಿನಗಳು. ದೇವರು ಇಳಿದ ಮೇಲೆ ಅವನು ಎರಡು ದಿನ ಹೆಣದಂತೆ ಮಲಗಿ ಎದ್ದು ರೊಟ್ಟಿ ಕೇಳುತ್ತಿದ್ದ. ಚರಗಿ ಇಲ್ಲದೆ ಉಳಿ ಹಿಡಿಯುತ್ತಿದ್ದ. ಸಂಜೆ ಮುಂದಿನ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರೊಂದಿಗೆ ಮಾತಾಡುತ್ತಿದ್ದ. ವರ್ಷದಲ್ಲಿ ಇಪ್ಪತ್ತು ಇಪ್ಪತ್ತೆರಡು ದಿನ ಅವಳಿಗೆ ಗಂಡ ಇರುತ್ತಿದ್ದ. ಶ್ರಾವಣ ಮುಗಿದ ಸಂಜೆ ಜನರೇ ಶೇಂದಿಯ ಗಡಿಗೆ ತಂದು ಅವನ ಕಟ್ಟೆಯ ಮೇಲಿಡುತ್ತಿದ್ದರು. ಅದು ದೇವರಿಗೆ ಸಲ್ಲಬೇಕಾದದ್ದು ಎಂಬ ಭಾವನೆ. ಬೇಡವೆಂದರೆ ಯಾರಿಗೆ ಬೇಡವೆಂದ ಹಾಗಾಗುತ್ತದೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ.

ಸರುಬಾಯಿಯ ಕಲ್ಲಿಗೆ ಟಾಕಿ ಹಾಕಿದ ಹದಿನೆಂಟು ದಿನಕ್ಕೆ, 1978ರ ಪಂಚಮಿಯಂದು, ವೈಜನಾಥ ಹುತ್ತದ ಮುಂದೆ ಮಾತಾಡಲೇ ಇಲ್ಲ. ಕೊರಳು ಒಂದು ಕಡೆ ತಿರುಗಿತು. ಹಲ್ಲು ಕಚ್ಚಿಕೊಂಡವು. ಬಿದ್ದವನ ಕೈಕಾಲು ನೆಲಕ್ಕೆ ಬಡಿಯತೊಡಗಿದವು, ಬಾಯಿಂದ ನೊರೆಯೊಂದಿಗೆ ರಕ್ತ ಬಂತು. ಹಲಗೆಯವರು ಬಾರಿಸುವುದನ್ನು ಬಿಡಲಿಲ್ಲ. ಯಾರೋ ಒಬ್ಬಳು ಹುತ್ತದ ಹಾಲನ್ನು ಅವನ ಬಾಯಿಗೆ ಹಾಕಿದಳು, ಅದು ಉಸಿರಿಗೆ ಹೋಗಿ ಮುಖ ಕಪ್ಪಿಟ್ಟಿತು. ಭಾಗಮ್ಮ ಅವನನ್ನು ಮಗ್ಗುಲಾಗಿ ಹೊರಳಿಸಿ, ನಾಲಿಗೆ ಹೊರಗೆ ಎಳೆದಳು.

"ದವಾಖಾನಿಗಿ ಒಯ್ತೀನ್ರಿ," ಎಂದಳು ಮಹಾರುದ್ರಪ್ಪನಿಗೆ.

"ದೇವ್ರು ಮೈಮ್ಯಾಲ ಇದ್ದಾಗ ಸೂಜಿ ಚುಚ್ಚಸ್ತಿ? ಇಳೀಲಿ ತಡಿ, ತಂಗಿ. ಆಮ್ಯಾಲ ನೋಡೋಣು."

"ಇಳಿಯೂತನಾ ಇಂವ ಇರಬೇಕಲ್ರಿ ಕಾಕಾ."

ಗಣಿಯಿಂದ ಕಲ್ಲು ಹೇರುವ ಲಾರಿಯ ಡ್ರೈವರ್ ಹುಸೇನ ವೈಜನಾಥನ ಹಳೆಯ ಗೆಳೆಯ. ಅವನು ಯಾರನ್ನೂ ಕೇಳದೆ ಬಂದು ಗೆಳೆಯನನ್ನು ಹೆಗಲಿಗೆ ಹಾಕಿಕೊಂಡ. "ನಿಮ್ಮ ನಾಗಪ್ಪ ನಂಗೇನ್ ಅಂತಾನ, ಮಹಾರುದ್ರಪ್ಪ ಸಾಬ್? ನಾ ಅವನ ಲಿಸ್ಟಿನಾಗ ಇಲ್ಲ," ಎಂದ. ಲಾರಿ ಕಲ್ಯಾಣ ದಾಟಿ, ಹೆದ್ದಾರಿ ಹಿಡಿದು ಹುಮನಾಬಾದಿಗೆ ಬರುವಷ್ಟರಲ್ಲಿ ವೈಜನಾಥನಿಗೆ ಮತ್ತೆರಡು ಸಲ ಸೆಳೆತ ಬಂದಿತ್ತು.

ಹೆದ್ದಾರಿಯ ಪಕ್ಕ ಹನ್ನೆರಡು ಮಂಚದ ಒಂದು ಖಾಸಗಿ ದವಾಖಾನೆ. ಡಾಕ್ಟರ್ ಸೈಫುದ್ದೀನ್ ಹೈದರಾಬಾದಿನಲ್ಲಿ ಓದಿ, ಅಲ್ಲಿಯ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದವರು. ರೋಗಿಯ ಬಾಯಿಯ ಹತ್ತಿರ ಮೂಗು ಒಯ್ದು ಮೂಸಿದರು. ನಾಲಿಗೆ, ಕಣ್ಣು ನೋಡಿದರು. ಒಂದು ಸೂಜಿ ಹಾಕಿದರು. ಸೆಳೆತ ನಿಂತ ಮೇಲೆ ಭಾಗಮ್ಮನ ಕಡೆ ತಿರುಗಿದರು.

"ಕಡೀಗಿ ಕುಡಿದದ್ದು ಯಾವಾಗ, ಬಾಯಿ?"

"ಅಮಾಸಿ ದಿನಾರೀ. ಶ್ರಾವಣ ಹಿಡ್ದಾನ."

"ಹೋದ ವರ್ಷ?"

"ಆಗೂ ಅಮಾಸಿಗೇ. ಪಂಚಮಿಗಿ ಮೈಯಾಗ ದೇವ್ರು ಬರ್ತಾನ್ರಿ. ನಾಕ ವರ್ಷಾತು, ಒಮ್ಮಿನೂ ತಪ್ಪಿಲ್ಲ."

ಡಾಕ್ಟರು ಬೆರಳು ಮಡಚಿ ಐದು ಎಣಿಸಿದರು. "ಇವ ಮಾರ್ಗಶಿರದಾಗ ಬಿಟ್ಟಿದ್ರ ದೇವರು ಮಾರ್ಗಶಿರದಾಗ ಬರ್ತಿದ್ದ," ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಪಂಡರಿಯ ಪುಡಿ ನಿದ್ದೆಯ ಔಷಧ ಎಂದು ಬಿಡಿಸಿ ಹೇಳಿದರು. ಇಪ್ಪತ್ತು ವರ್ಷ ಶೇಂದಿ, ಹತ್ತು ವರ್ಷ ಪುಡಿ, ಎರಡಕ್ಕೂ ತಲೆ ಹೊಂದಿಕೊಂಡಿರುತ್ತದೆ. ಒಮ್ಮೆಲೆ ನಿಲ್ಲಿಸಿದರೆ ಎರಡನೆಯ ದಿನ ನಡುಕ, ಮೂರಕ್ಕೆ ಸೆಳೆತ, ನಾಲ್ಕು ಐದಕ್ಕೆ ಹಾವು, ಚೇಳು, ಇರುವೆ.

"ಅಂದ್ರ ದೇವ್ರಲ್ಲೇನ್ರಿ?"

"ದೇವರ ಮಾತು ನಂಗ ಗೊತ್ತಿಲ್ಲ. ಇದು ಗೊತ್ತದ. ಕುಡಿಯೋದು ಕೆಟ್ಟದ್ದು. ಹಿಂಗ ಒಮ್ಮೆಲೆ ಬಿಡೋದು ಅದಕ್ಕಿಂತ ಕೆಟ್ಟದ್ದು. ಮತ್ತ ಕುಡದಾ ಅಂದ್ರ, ಬಿಡೋಕಿಂತ ಮೊದಲ ನನ್ನ ಹಂತೇಲಿ ಕರಕೊಂಡು ಬಾ. ಬಿಟ್ಟ ಮ್ಯಾಲ ಬ್ಯಾಡ. ಮುಂದಿನ ಸಲ ಲಾರಿ ಸಿಗೂತನಾ ಇವ ಉಳಿಯಂಗಿಲ್ಲ."

ವೈಜನಾಥನನ್ನು ಆರನೆಯ ಮಂಚಕ್ಕೆ ಹಾಕಿದರು. ಹಳೆಯ ಸೀರೆಯ ಪಟ್ಟಿಗಳಿಂದ ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು. ಮೊದಲ ದಿನ ಆರು ತಾಸಿಗೊಮ್ಮೆ ಎರಡೆರಡು ಗುಳಿಗೆ, ದಿನಕ್ಕೆ ಎಂಟು. ಮೂರನೆಯ ದಿನ ಆರು. ಹೀಗೆ ಇಳಿಸುತ್ತ ಬರಬೇಕು. ನರಕ್ಕೆ ಸಕ್ಕರೆ ನೀರು, ಸೊಂಟಕ್ಕೆ ಹಳದಿ ಬಣ್ಣದ ಇಂಜೆಕ್ಷನ್. ಗುಳಿಗೆ ಕೊಡುವ ನರ್ಸ್ ರಾಬಿಯಾಳನ್ನು ಭಾಗಮ್ಮ ಕೇಳಿದಳು: "ಇದೂ ನಿಶಾ ಏರಸೋದಾ ಏನ್ರಿ? ಇಂವ ಶ್ರಾವಣ ಹಿಡ್ದಾನ."

"ಮೆಟ್ಟಲ ಇಳಿದಂಗ, ಅಮ್ಮ. ಮಾಳಗಿ ಮ್ಯಾಲಿಂದ ಜಿಗಿದ್ರ ಕಾಲ್ ಮುರೀತಾವ. ಇದು ಮೆಟ್ಟಲ."

ಎರಡು ದಿನ ಅವನು ಅಲ್ಲಿ ಇರಲಿಲ್ಲ. ಕಣ್ಣು ತೆರೆದೇ ಇದ್ದವು, ಹೆಂಡತಿಯನ್ನು ಗುರುತಿಸಲಿಲ್ಲ. ಕಟ್ಟಿದ ಎಡಗೈ ಮುಷ್ಟಿಯಾಗಿ ಒಂದು ಉಳಿ ಹಿಡಿದಂತಿತ್ತು. ಬಲಗೈ ಪಟ್ಟಿಯ ಉದ್ದ ಸಾಲುವಷ್ಟೇ ಏರಿ ಇಳಿಯುತ್ತಿತ್ತು, ಒಂದೇ ಲಯ, ಒಂದೇ ಅಂತರ. ನಡುನಡುವೆ ಬಾಯಿಂದ ಊಫ್ ಎಂದು ದೂಳು ಊದುತ್ತಿದ್ದ. ರಾಬಿಯಾ ನಿಂತು ನೋಡಿ, "ಏನ್ ಕೆಲಸ ಮಾಡ್ತಾನ ಇಂವ?" ಎಂದಳು.

"ಬೀಸುಕಲ್ಲಿಗಿ ಟಾಕಿ ಹಾಕ್ತಾನ್ರಿ."

"ಎಷ್ಟ ಕಲ್ಲ ಆದ್ವು ಏನೊ ನಿನ್ನಿಲಿಂದ," ಎಂದು ರಾಬಿಯಾ ಅವನ ಮಣಿಕಟ್ಟಿನಲ್ಲಿ ಪಟ್ಟಿ ಉಜ್ಜಿದ ಕಡೆ ಮುಲಾಮು ಹಚ್ಚಿದಳು. ಭಾಗಮ್ಮ ಆ ಕೈ ಹಿಡಿದು ಕುಳಿತಳು. ಹಿಡಿದರೆ ನಿಲ್ಲುತ್ತಿರಲಿಲ್ಲ, ಬಿಟ್ಟರೂ ನಿಲ್ಲುತ್ತಿರಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಅನ್ನ ಹಾಕಿದ್ದಳು, ಬೈದಿದ್ದಳು, ಟವೆಲು ಎಳೆದಿದ್ದಳು. ಇಲ್ಲಿ ಮಾಡಲು ಏನೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಲಗೈ ನಿಂತಿತು. "ಭಾಗೂ, ನೀರು," ಎಂದ.

ಮಹಾರುದ್ರಪ್ಪ ಒಮ್ಮೆ ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋದ. ಮಂಚದ ಕಾಲಿಗೆ ಅರಿಸಿನ ಹಚ್ಚಿ, ತೆಂಗಿನಕಾಯಿ ಇಟ್ಟು, ಕಟ್ಟಿದ ಕೈ ನೋಡಿ ಕಣ್ಣೀರು ಹಾಕಿದ. ಆಮೇಲೆ ಡಾಕ್ಟರನ್ನು ಕೇಳಿದ: "ಹದಿನಾಲ್ಕು ಮಂದಿ ದೇವ್ರಿಗಿ ಕೇಳೋ ಸವಾಲು ಹಂಗೇ ಉಳದಾವ್ರಿ ಸಾಹೇಬ್ರ. ಇವರು ಎಂದ ಖಾಲಿ ಆಗ್ತಾರ?" ಡಾಕ್ಟರು ಒಂಬತ್ತು ದಿನ ಎಂದರು.

ಊರಿಗೆ ಬಂದ ವೈಜನಾಥ ಭಾದ್ರಪದ, ಆಶ್ವೀಜ ಕುಡಿಯಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕಟ್ಟೆಯ ಮೇಲೆ ಗಡಿಗೆ ಇಡಲು ಬಂದವರನ್ನು ಭಾಗಮ್ಮ ಬೈದು ಕಳಿಸಿದಳು. ಮನೆಮನೆಗೆ ಹೋದಾಗ ಕಾಲು ಗಂಟೆ ಕಾಯಬೇಕಾಗಿರಲಿಲ್ಲ. ಆದರೆ ಊರಿನಲ್ಲಿ ಅವನ ಜೊತೆ ಮಾತಾಡಲು ಯಾರಿಗೂ ವಿಷಯವಿರಲಿಲ್ಲ. ಕುಡುಕನಲ್ಲ, ದೇವರೂ ಅಲ್ಲ. ಟಾಕಿ ಹಾಕುವವನು, ಅದೂ ಗಿರಣಿಯ ಕಾಲದಲ್ಲಿ.

ಹೋಳಿಹುಣ್ಣಿಮೆಯ ದಿನ ಮಹಾರುದ್ರಪ್ಪನ ಮನೆಯಿಂದ ಹೋಳಿಗೆಯ ಜೊತೆ ಒಂದು ಗಡಿಗೆ ಬಂತು. ಅದನ್ನು ಮರಳಿಸಲು ಹೋದ ಭಾಗಮ್ಮನನ್ನು ಮಹಾರುದ್ರಪ್ಪ ಗಾದಿಯ ಮೇಲೆ ಕೂರಿಸಿ, ನೀರು ಕೊಟ್ಟು, ಸಮಾಧಾನವಾಗಿ ಹೇಳಿದ: "ನಾನೂ ವಿಚಾರ ಮಾಡೀನಿ, ತಂಗಿ. ನಾಗಪ್ಪ ಯಾಕ ಇವನ ಮೈಯಾಗೇ ಬಂದ? ನಾವು ಶ್ರಾವಣದಾಗ ಏನ್ ಬಿಡ್ತೀವಿ? ಉಳ್ಳಾಗಡ್ಡಿ ಬಿಡ್ತೀವಿ. ಇಂವ ಜೀವಾನೇ ಬಿಟ್ಟಂಗ ಬಿಡ್ತಿದ್ದ. ಅದು ದೇವ್ರಿಗಿ ಮುಟ್ಟಿತು. ಈಗ ಬಿಡಾಕರ ಏನದ ಇವನ ಹಂತೇಲಿ?"

"ಡಾಕ್ಟರ್ ಸಾಹೇಬ್ರು ಸಾಯ್ತಾನಂದಾರ್ರಿ."

"ಅವರು ಸೂಜಿ ಹಾಕೋದು ಕಲಿತಾರ. ಅವರ ಮಾತು ಸುಳ್ಳಂತ ನಾ ಅನ್ನಂಗಿಲ್ಲ. ಆದ್ರ ನಾಕ ವರ್ಷ ನಾವು ಕಣ್ಣಿಲೆ ಕಂಡೀವಲ್ಲ."

ಅವಳು ಮನೆಗೆ ಬಂದಾಗ ವೈಜನಾಥ ಪಂಡರಿಯ ಅಂಗಡಿಯಲ್ಲಿ ಕುಳಿತಿದ್ದಾನೆ ಎಂಬ ಸುದ್ದಿ ಅವಳಿಗಿಂತ ಮುಂಚೆ ಬಂದು ಕುಳಿತಿತ್ತು. ಗಡಿಗೆ ಅವಳು ಒಯ್ದಿದ್ದಳು, ವಾಸನೆ ಉಳಿದಿತ್ತು. ಯುಗಾದಿಯ ಹೊತ್ತಿಗೆ ಆರು ಗ್ಲಾಸು. ಕಾರಹುಣ್ಣಿಮೆಗೆ ಹತ್ತು. ಭಾಗಮ್ಮ ಮತ್ತೆ ಟವೆಲು ತೆಗೆದಳು.

1979ರ ನಾಗರ ಅಮಾವಾಸ್ಯೆಗೆ ಮೂರು ದಿನ ಇರುವಾಗ ಅವಳು ಕೈಗೆ ಬಟ್ಟೆಯ ಗಂಟು ಹಿಡಿದು ಅವನ ಮುಂದೆ ನಿಂತಳು. "ನಡಿ, ಹುಮನಾಬಾದಿಗಿ ಹೋಗೂಣು. ಅಲ್ಲೇ ಬಿಡು."

"ದವಾಖಾನ್ಯಾಗ ಬಿಡೋದು ಬಿಟ್ಟಂಗೇನ? ಅವರ ಗುಳಗಿ ಬಿಡಸ್ತಾವ."

"ಯಾರರ ಬಿಡಸ್ಲಿ. ಜೀವ ಇರ್ತದಲ್ಲ."

ಅವನು ತನ್ನ ಕೈ ನೋಡಿಕೊಂಡ. "ಹನ್ನೊಂದು ತಿಂಗಳ ಈ ಊರಾಗ ನಂಗ ಯಾರೂ ರೀ ಅನ್ನಂಗಿಲ್ಲ, ಭಾಗೂ. ನೀನೂ ಅನ್ನಂಗಿಲ್ಲ. ಆ ಒಂದ ದಿನ ಮಹಾರುದ್ರಪ್ಪ ಕಾಲ್ ಮುಟ್ತಾನ." ಆಮೇಲೆ, "ದೇವ್ರೋ ಅಲ್ಲೋ ನಂಗೂ ಗೊತ್ತಿಲ್ಲ. ಹಾವು ಮಾತ್ರ ನಾ ಕಂಡೀನಿ," ಎಂದ.

ಅಮಾವಾಸ್ಯೆಯ ಮರುದಿನ ಅವನು ಮಿಂದು ವಿಭೂತಿ ಹಚ್ಚಿದ.

ಭಾಗಮ್ಮನಿಗೆ ಡಾಕ್ಟರ ಮಾತು, ರಾಬಿಯಾಳ ಮೆಟ್ಟಿಲು ಎರಡೂ ನೆನಪಿದ್ದವು. ಮೆಟ್ಟಿಲು ಗುಳಿಗೆಯದೇ ಆಗಬೇಕೆಂದಿಲ್ಲ, ಶೇಂದಿಯನ್ನೇ ದಿನಕ್ಕೊಂದು ಗ್ಲಾಸು ಕಡಿಮೆ ಮಾಡುತ್ತ ಬಂದರೆ ಹೇಗೆ ಎಂದು ಅವಳು ತಾನೇ ಲೆಕ್ಕ ಹಾಕಿದಳು. ಚರಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಂಡರಿಯ ಅಂಗಡಿಗೆ ಹೋದಳು. ಹತ್ತು ವರ್ಷದಲ್ಲಿ ಆ ಅಂಗಡಿಗೆ ಅವಳು ಹೋಗುತ್ತಿದ್ದದ್ದು ಗಂಡನನ್ನು ಎಳೆದು ತರಲು ಮಾತ್ರ.

ಪಂಡರಿ ಚರಗಿ ನೋಡಿದ, ಅವಳನ್ನು ನೋಡಿದ. "ಯಾರಿಗಿ?"

"ಮನ್ಯಾಗ ಬೇಕು."

"ಮನ್ಯಾಗ ಅಂದ್ರ ನಾಗಪ್ಪಗ. ಶ್ರಾವಣದಾಗ ನಾಗಪ್ಪಗ ಶೇಂದಿ ಕುಡಿಸಿದಾ ಅಂತ ಊರಾಗ ಗೊತ್ತಾದ್ರ ನನ್ನ ಅಂಗಡಿಗಿ ಬೆಂಕಿ ಹಚ್ತಾರ. ಹೋಗವ್ವ. ಹತ್ತು ವರ್ಷ ಕೊಡಬ್ಯಾಡ ಕೊಡಬ್ಯಾಡ ಅಂತ ಬಯ್ದಿ. ಇವತ್ತ ಕೊಡಂಗಿಲ್ಲ ಅಂದ್ರ ಯಾಕ ಅಳ್ತಿ?"

ಅವಳು ಕಲ್ಯಾಣದವರೆಗೆ ನಡೆದು, ಬೇರೊಂದು ಅಂಗಡಿಯಲ್ಲಿ ತನಗೇ ಎಂದು ಹೇಳಿ ಚರಗಿ ತುಂಬಿಸಿಕೊಂಡಳು. ಅಲ್ಲಿ ಕುಳಿತ ಗಂಡಸರು ಏನೇನೋ ಅಂದರು. ಮನೆಗೆ ತಂದಾಗ ವೈಜನಾಥ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿದ. ಮಜ್ಜಿಗೆಯಲ್ಲಿ ಬೆರೆಸಿ ಕೊಟ್ಟಳು. ವಾಸನೆ ಹಿಡಿದು ಗಿಂಡಿಯನ್ನೇ ತಳ್ಳಿದ. ಅಂಗಳದ ಮಣ್ಣು ಒದ್ದೆಯಾಯಿತು, ಇರುವೆ ಬಂದವು. ಹನ್ನೊಂದು ತಿಂಗಳು ಯಾರ ಮಾತಿಗೂ ನಿಲ್ಲದ ಮನುಷ್ಯ ಈ ಒಂದು ಮಾತಿಗೆ ಕಲ್ಲಾಗಿ ನಿಂತಿದ್ದ.

ಎರಡನೆಯ ದಿನ ನಡುಕ. ಮೂರನೆಯ ದಿನ ನಸುಕಿನಲ್ಲಿ ಒಂದು ಸೆಳೆತ. ಹುಸೇನ ಲಾರಿ ತೆಗೆದುಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ, ಬರುವುದು ಪಂಚಮಿಯ ಮರುದಿನ. ನಾಲ್ಕನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಆಗಲೇ ಮೂವತ್ತು ಜನ ಇದ್ದರು. ಹೋದ ವರ್ಷ ಉಳಿದ ಪ್ರಶ್ನೆಗಳಿದ್ದವು. ಸರುಬಾಯಿ ಮೊಮ್ಮಗಳನ್ನು ಕರೆದುಕೊಂಡು ಬಂದು ಬಾಗಿಲಿಗೆ ಹತ್ತಿ ಕುಳಿತಿದ್ದಳು. ಒಳಗೆ ವೈಜನಾಥ ಗೋಡೆಗೆ ಒರಗಿ ಕುಳಿತು, ಇಲ್ಲದ ಉಳಿಯನ್ನು ಇಲ್ಲದ ಕಲ್ಲಿಗೆ ಇಟ್ಟು ಹೊಡೆಯುತ್ತಿದ್ದ. ತುಟಿ ಅಲುಗುತ್ತಿದ್ದವು.

ಭಾಗಮ್ಮ ಹೊರಗೆ ಬಂದು ಒಬ್ಬೊಬ್ಬರನ್ನೇ ಕೇಳಿಕೊಂಡಳು. ಗಾಡಿ ಕೊಡ್ರಿ, ಬಸ್ಸಿನ ತನಕ ಹೊತ್ತುಕೊಂಡು ಬರ್ರಿ. ನಾಳೆ, ನಾಳೆ ಎಂದರು. ಬೈದವರಿಲ್ಲ. ಎಲ್ಲರೂ ಅವಳ ಕಾಲಿಗೂ ನಮಸ್ಕರಿಸುತ್ತಿದ್ದರು.

ಮಹಾರುದ್ರಪ್ಪ ಒಳಗೆ ಬಂದು ಮಂಡಿಯೂರಿದ. "ಇವತ್ತೇ ಮಾತಾಡಾಕತ್ತಾರ. ಏನಂತಾರ, ತಂಗಿ? ನಂಗ ಕೇಳವಲ್ದು."

ಅವಳು ಗಂಡನ ಬಾಯಿಗೆ ಕಿವಿ ಹಚ್ಚಿದಳು. ವೈಜನಾಥ ಎಣಿಸುತ್ತಿದ್ದ. ಒಂದು ಸಾಲು, ಎರಡು ಸಾಲು, ಗೂಟದಿಂದ ಅಂಚಿಗೆ. ಅವಳು ತಲೆಯೆತ್ತಿದಳು.

"ಹುಮನಾಬಾದಿಗಿ ನಡೀರಿ ಅಂತಾನ," ಎಂದಳು. "ಹೋದ ವರ್ಷ ಎಲ್ಲಿ ಮಲಗಿಸಿದ್ರಿ, ಅಲ್ಲೇ ನನ್ನ ಸ್ಥಳ ಅಂತಾನ. ಪಂಚಮಿ ಅಲ್ಲೇ ತಗೋತೀನಿ ಅಂತಾನ."

ಮಹಾರುದ್ರಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅವನಿಗೆ ಅನುಮಾನ ಬಂದಿತೋ ಇಲ್ಲವೋ ಭಾಗಮ್ಮನಿಗೆ ಎಂದೂ ತಿಳಿಯಲಿಲ್ಲ. ಅವನು ಎದ್ದು ಹೊರಗೆ ಹೋಗಿ, "ಗಾಡಿ ಹೂಡ್ರಿ," ಎಂದ.

ಮಧ್ಯಾಹ್ನ ಎರಡಕ್ಕೆ ಕಲ್ಯಾಣದಿಂದ ಹೊರಟ ಬಸ್ಸಿನಲ್ಲಿ ಮೋರಖಂಡಿಯ ನಲವತ್ತು ಜನರಿದ್ದರು, ಒಂದು ಹಲಗೆಯೂ ಇತ್ತು. ನಡುವಿನ ಸೀಟಿನಲ್ಲಿ ವೈಜನಾಥ, ಅವನ ಎರಡೂ ಕೈಯನ್ನು ತನ್ನ ಮಡಿಲಲ್ಲಿ ಒತ್ತಿ ಹಿಡಿದ ಭಾಗಮ್ಮ. ಕಂಡಕ್ಟರ್ ದೇವರಿಗೆ ಟಿಕೆಟು ಕೇಳಲಿಲ್ಲ. ದಾರಿಯಲ್ಲಿ ಒಂದು ಸೆಳೆತ ಬಂತು, ಯಾರೋ ಬಸ್ಸಿನಲ್ಲೇ ಕಾಯಿ ಒಡೆದರು.

ಡಾಕ್ಟರ್ ಸೈಫುದ್ದೀನ್ ಬಾಗಿಲಲ್ಲಿ ಜನರನ್ನು ನೋಡಿ, ಆಮೇಲೆ ಭಾಗಮ್ಮನನ್ನು ನೋಡಿದರು. "ಬಿಡೋಕಿಂತ ಮೊದಲ ಕರಕೊಂಡು ಬಾ ಅಂದಿದ್ದೆ."

"ನಾಕ ದಿನ ತಡಾ ಆತ್ರಿ," ಎಂದಳು.

ಆರನೆಯ ಮಂಚ ಖಾಲಿ ಇತ್ತು. ಸೀರೆಯ ಪಟ್ಟಿ, ಸೂಜಿ, ಸಕ್ಕರೆ ನೀರು, ಎಂಟು ಗುಳಿಗೆ. ಮರುದಿನ ಪಂಚಮಿ. ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದ ಜನ ಒಬ್ಬೊಬ್ಬರಾಗಿ ಕಿಟಕಿಯ ಸರಳಿಗೆ ಬಂದರು. ರಾಬಿಯಾ ಪರದೆ ಎಳೆದಳು. ಅವರು ಪರದೆಗೇ ಕೇಳಿದರು. ಸರುಬಾಯಿ ಮೊದಲಿಗಳಾಗಿದ್ದಳು. ಮೊಮ್ಮಗಳ ಹೆಸರು, ಅವಳ ಗಂಡನ ಹೆಸರು ಹೇಳಿ, ಸರಳಿಗೆ ಹಣೆ ಹಚ್ಚಿ ಕಾದಳು. ಒಳಗಿನಿಂದ ಕಬ್ಬಿಣದ ಮಂಚ ಲಯಬದ್ಧವಾಗಿ ಅಲುಗುವ ಸದ್ದು ಬರುತ್ತಿತ್ತು. ಮುದುಕಿ ಅದನ್ನು ಎಣಿಸಿಕೊಂಡು, ಎಷ್ಟಾಯಿತೆಂದು ಯಾರಿಗೂ ಹೇಳದೆ, ಮೊಮ್ಮಗಳ ಕೈ ಹಿಡಿದು ಹೊರಟಳು.

ಈ ಸಲ ಅವನಿಗೆ ಹೆಂಡತಿಯ ಗುರುತು ಹತ್ತಲು ಐದು ದಿನ ಹಿಡಿಯಿತು. ಎಡಗೈಯ ಎರಡು ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಉಳಿ ಹಿಡಿಯಲು ಬರುತ್ತದೋ ಇಲ್ಲವೋ ಆರು ತಿಂಗಳ ಮೇಲೆ ಹೇಳಬಹುದು ಎಂದರು ಡಾಕ್ಟರು. ಕೊನೆಯ ಗುಳಿಗೆಯನ್ನು ರಾಬಿಯಾ ಭಾಗಮ್ಮನ ಕೈಯಲ್ಲೇ ಕೊಟ್ಟು ಅವನ ಬಾಯಿಗೆ ಹಾಕಿಸಿದಳು.

ಹತ್ತನೆಯ ದಿನ ಬೆಳಿಗ್ಗೆ ವೈಜನಾಥನನ್ನು ಮನೆಗೆ ಕಳಿಸಿದರು. ಶ್ರಾವಣ ಮುಗಿದು ಕಟ್ಟೆಗೆ ಗಡಿಗೆ ಬರಲು ಇನ್ನೂ ಹದಿನಾರು ದಿನ ಇದ್ದವು.